ಬೆಣ್ಣೆ, ಶೇಂಗಾ, ಮೊಟ್ಟೆ, ಸೋಪು: ಲಿಪಿಡ್ ಪಾಠ ಕೈಯಾರೆ ಮಾಡಿಸುವ ಬಗೆ

ದಾವಣಗೆರೆಯಲ್ಲಿ ಲಿಪಿಡ್, ಅಂದರೆ ಎಣ್ಣೆ-ಕೊಬ್ಬಿನ ಗುಂಪಿನ ವಸ್ತುಗಳ ಪಾಠಕ್ಕೆ ಸಾಮಾನು ಹುಡುಕಿಕೊಂಡು ಅಲೆಯಬೇಕಿಲ್ಲ. ದೋಸೆಗೆ ಹಾಕುವ ಉಪ್ಪಿಲ್ಲದ ಬೆಣ್ಣೆ, ಚಳ್ಳಕೆರೆ ಕಡೆಯ ಶೇಂಗಾ ಮತ್ತು ಅದರ ಎಣ್ಣೆ, ಒಗ್ಗರಣೆ ಬೀಳದ ಒಣ ಮಂಡಕ್ಕಿ, ಒಂದು ಕೋಳಿಮೊಟ್ಟೆ. ಇಷ್ಟಿದ್ದರೆ ಪಿಯು ಪುಸ್ತಕದ ಆ ಅಧ್ಯಾಯದ ಮುಕ್ಕಾಲು ಭಾಗವನ್ನು ಟೇಬಲ್ ಮೇಲೇ ತೋರಿಸಬಹುದು. ಒಂದು ಗ್ರಾಂವರೆಗೆ ಸರಿಯಾಗಿ ತೂಗುವ ಡಿಜಿಟಲ್ ತಕ್ಕಡಿ ಮಾತ್ರ ಕಡ್ಡಾಯ.

ಮೊದಲು ಶೇಂಗಾ. ನಾಲ್ಕೈದು ಬೀಜ ಕುಟ್ಟಿ, ಒಣಗಿದ ಪ್ರನಾಳದಲ್ಲಿ ಹಾಕಿ, 5 ಮಿ.ಲೀ. ಎಥನಾಲ್ ಸುರಿದು ಒಂದು ನಿಮಿಷ ಕುಲುಕಿ. ಪುಡಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಪ್ರನಾಳದ 5 ಮಿ.ಲೀ. ನೀರಿಗೆ ಬಗ್ಗಿಸಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಎಥನಾಲ್‌ನಲ್ಲಿ ಕರಗಿದ್ದ ಎಣ್ಣೆಗೆ ನೀರು ಸೇರದು, ಹಾಗಾಗಿ ಸಣ್ಣ ಹನಿಗಳಾಗಿ ಹೊರಬಿತ್ತು. ಮಂಡಕ್ಕಿಗೂ ಹೀಗೇ ಮಾಡಿದರೆ ನೀರು ಹೆಚ್ಚುಕಮ್ಮಿ ತಿಳಿಯಾಗೇ ಉಳಿಯಬೇಕು. ಅಲ್ಲೂ ಮಬ್ಬು ಕಂಡರೆ ಪುಡಿ ಜೊತೆಗೆ ಬಂದಿರುತ್ತದೆ, ಸೋಸಿ ಮತ್ತೆ ನೋಡಿ. ಮೊದಲ ಪ್ರನಾಳ ಒದ್ದೆಯಿದ್ದರೂ ಪ್ರಯೋಗ ಕೆಡುತ್ತದೆ. ಹತ್ತಿರ ಬರ್ನರ್ ಇರಕೂಡದು.

ಲಿಪಿಡ್‌ನ ವ್ಯಾಖ್ಯಾನ ನಿಂತಿರುವುದೂ ಇದರ ಮೇಲೆಯೇ. ಪ್ರೋಟೀನಿಗೆ ಅಮೈನೋ ಆಮ್ಲ, ಪಿಷ್ಟಕ್ಕೆ ಗ್ಲೂಕೋಸ್ ಇಟ್ಟಿಗೆಯಿದ್ದಂತೆ. ಎಲ್ಲ ಲಿಪಿಡ್‌ಗಳಿಗೂ ಸಾಮಾನ್ಯವಾದ ಅಂಥ ಇಟ್ಟಿಗೆ ಒಂದಿಲ್ಲ. ನೀರಿನಲ್ಲಿ ಕರಗದೆ ಈಥರ್, ಕ್ಲೋರೋಫಾರ್ಮ್‌ಗಳಲ್ಲಿ ಕರಗುವ ಜೀವವಸ್ತುಗಳನ್ನೆಲ್ಲ ಒಂದೇ ಗೂಡಿಗೆ ಹಾಕಿದ್ದಾರೆ. ಅದಕ್ಕೇ ಎಣ್ಣೆಯೂ ಕೊಲೆಸ್ಟರಾಲೂ ನೋಡಲು ಸಂಬಂಧವೇ ಇಲ್ಲದಿದ್ದರೂ ಒಂದೇ ಅಧ್ಯಾಯದಲ್ಲಿವೆ.

ಈಗ ಬೆಣ್ಣೆ. 100 ಗ್ರಾಂ ತೂಗಿ, ತೂಕ ಗೊತ್ತಿರುವ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗಿಡಿ. ಕಾವಲಿಯ ಮೇಲೆ ಬೆಣ್ಣೆ ಬಿದ್ದಾಗ ಬರುವ ಚುರ್ ಸದ್ದೇ ಇಲ್ಲಿಯೂ ಬರುತ್ತದೆ. ಅದು ನೀರಿನ ಸದ್ದು. ಬೆಣ್ಣೆಯೆಂದರೆ ಕೊಬ್ಬಿನೊಳಗೆ ಹುದುಗಿದ ನೀರಿನ ಹನಿಗಳು. ತುಪ್ಪ ಹಾಕಿದರೆ ಕಾವಲಿ ಅಷ್ಟು ಚುರುಗುಟ್ಟುವುದಿಲ್ಲ. ಸದ್ದು ನಿಂತಿತೆಂದರೆ ನೀರು ಮುಗಿಯಿತು, ಇನ್ನು ಉಷ್ಣತೆ 100 ಡಿಗ್ರಿ ದಾಟಿ ಸರ್ರನೆ ಏರುತ್ತದೆ. ತಳದ ಗಸಿ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಇಳಿಸಿ. ಅರ್ಧ ನಿಮಿಷ ಮರೆತರೂ ಗಸಿ ಕಪ್ಪಾಗಿ ತುಪ್ಪ ಕಹಿಯಾಗುತ್ತದೆ. ಸೋಸಿ ತೂಗಿದರೆ 80 ಗ್ರಾಂ ಆಸುಪಾಸು ಸಿಗಬೇಕು. 75ಕ್ಕಿಂತ ಕಮ್ಮಿ ಬಂದರೆ ಬೆಣ್ಣೆ ಸರಿಯಾಗಿ ತೊಳೆದಿಲ್ಲ, ಮಜ್ಜಿಗೆ ಉಳಿದಿದೆ. ಹಸುವಿನ ಬೆಣ್ಣೆಯಾದರೆ ತುಪ್ಪದ ಹಳದಿಯನ್ನೂ ತೋರಿಸಿ: ಅದು ಕ್ಯಾರೋಟಿನ್, ಕೊಬ್ಬಿನಲ್ಲಷ್ಟೇ ಕರಗುವುದರಿಂದ ಕೊಬ್ಬಿನ ಜೊತೆಗೇ ಬಂದಿದೆ. ಎ, ಡಿ, ಇ, ಕೆ ವಿಟಮಿನ್‌ಗಳ ಪಾಡೂ ಅದೇ.

ತುಪ್ಪ, ಶೇಂಗಾ ಎಣ್ಣೆ, ವನಸ್ಪತಿ ಮೂರನ್ನೂ 5 ಮಿ.ಲೀ.ನಂತೆ ಪ್ರನಾಳಕ್ಕೆ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೊದಲೆರಡನ್ನು ಒತ್ತಟ್ಟಿಗಿಟ್ಟು ನೋಡಿ: ತುಪ್ಪ ಕಲ್ಲಾಗಿರುತ್ತದೆ, ಎಣ್ಣೆ ಮಬ್ಬಾಗಿರುತ್ತದೆ, ಹೆಚ್ಚೆಂದರೆ ಅರೆಗಟ್ಟಿಯಾಗಿರುತ್ತದೆ. ಎರಡರ ಅಚ್ಚೂ ಒಂದೇ. ಮೂರು ಇಂಗಾಲದ ಗ್ಲಿಸರಾಲ್, ಅದರ ಮೂರು ಕೈಗೂ ಎಸ್ಟರ್ ಬಂಧದಿಂದ ಅಂಟಿದ ಒಂದೊಂದು ಕೊಬ್ಬಿನಾಮ್ಲದ ಸರಪಳಿ. ವ್ಯತ್ಯಾಸ ಸರಪಳಿಯಲ್ಲಿದೆ. ಸ್ಟಿಯರಿಕ್ ಆಮ್ಲಕ್ಕೂ ಓಲಿಯಿಕ್ ಆಮ್ಲಕ್ಕೂ ಇಂಗಾಲ ಹದಿನೆಂಟೇ. ಮೊದಲನೆಯದು ಕರಗುವುದು ಸುಮಾರು 69 ಡಿಗ್ರಿಗೆ, ಎರಡನೆಯದು ಸುಮಾರು 13ಕ್ಕೆ. ಈ 56 ಡಿಗ್ರಿಯ ಅಂತರ ತಂದದ್ದು ನಡುಮಧ್ಯದ ಒಂದೇ ಒಂದು ದ್ವಿಬಂಧ, ಅಂದರೆ ಎರಡು ಇಂಗಾಲಗಳ ನಡುವಿನ ಜೋಡಿ ಕೊಂಡಿ. ಅದು ಸಿಸ್ ಬಗೆಯದು, ಸರಪಳಿ ಅಲ್ಲಿ ಮೊಣಕೈಯಂತೆ ಮಡಚಿಕೊಳ್ಳುತ್ತದೆ. ನೆಟ್ಟಗಿನ ಜೋಳದ ದಂಟನ್ನು ಒತ್ತಾಗಿ ಸಿವುಡು ಕಟ್ಟಬಹುದು, ಸೊಟ್ಟ ಜಾಲಿ ಕಡ್ಡಿ ಕಟ್ಟಿದರೆ ನಡುವೆಲ್ಲ ಸಂದು. ಸಂದಿದ್ದಷ್ಟೂ ಬೇಗ ಕರಗುತ್ತದೆ. ಮಕ್ಕಳ ಕೈಯಲ್ಲೇ ಎರಡು ಸಿವುಡು ಕಟ್ಟಿಸಿ, ಬೋರ್ಡಿನ ಚಿತ್ರಕ್ಕಿಂತ ಚೆನ್ನಾಗಿ ತಲೆಗೆ ಹತ್ತುತ್ತದೆ.

ಮೂರನೆಯ ಪ್ರನಾಳ ವನಸ್ಪತಿಯದು. ಅದನ್ನು ಮಾಡುವಾಗ ಎಣ್ಣೆಗೆ ನಿಕಲ್ ಜೊತೆ ಹೈಡ್ರೋಜನ್ ಹಾಯಿಸಿ ದ್ವಿಬಂಧಗಳನ್ನು ತುಂಬುತ್ತಾರೆ. ಕೆಲಸ ಅರ್ಧಕ್ಕೆ ನಿಂತರೆ ಉಳಿದ ಕೆಲವು ದ್ವಿಬಂಧ ಟ್ರಾನ್ಸ್ ಆಗಿ ತಿರುಗಿಕೊಳ್ಳುತ್ತವೆ: ಹೆಸರಿಗೆ ಅಪರ್ಯಾಪ್ತ (ದ್ವಿಬಂಧ ಇರುವಂಥದ್ದು), ಆಕಾರ ಮಾತ್ರ ನೆಟ್ಟಗೆ. ಇದು ರಕ್ತದ ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆಂದೇ ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರುವಂತಿಲ್ಲ. ಹಳೆಯ ಗೈಡುಗಳಲ್ಲಿ ಈ ಮಿತಿ ಬೇರೆಯೇ ಇದೆ, ನೋಡಿಕೊಂಡು ಹೇಳಿ.

ಮೊಟ್ಟೆಯ ಪ್ರಯೋಗ ಸುಲಭ. ಎರಡು ಬಾಟಲಿಗೆ 50 ಮಿ.ಲೀ. ನೀರು, 20 ಮಿ.ಲೀ. ಎಣ್ಣೆ. ಒಂದಕ್ಕೆ ಮಾತ್ರ ಒಂದು ಚಮಚ ಹಳದಿ ಭಾಗ. ಎರಡನ್ನೂ ಒಂದು ನಿಮಿಷ ಕುಲುಕಿಟ್ಟರೆ ಬರೀ ಎಣ್ಣೆ ಕೆಲವೇ ನಿಮಿಷದಲ್ಲಿ ಮೇಲೇಳುತ್ತದೆ, ಹಳದಿ ಬಿದ್ದದ್ದು ಕೆನೆಯಂತೆ ನಿಲ್ಲುತ್ತದೆ. ಇಲ್ಲಿ ಹೆಚ್ಚಿನ ಕೆಲಸ ಫಾಸ್ಫೋಲಿಪಿಡ್‌ನದು. ಗ್ಲಿಸರಾಲ್‌ನ ಒಂದು ಕೈಯಲ್ಲಿ ಕೊಬ್ಬಿನಾಮ್ಲದ ಬದಲು ಫಾಸ್ಫೇಟ್ ಗುಂಪು ಕೂತಿದೆ: ತಲೆಗೆ ನೀರು ಬೇಕು, ಎರಡು ಬಾಲಕ್ಕೆ ಬೇಡ. ಇವನ್ನು ನೀರಿಗೆ ಬಿಟ್ಟರೆ ತಲೆ ಹೊರಗೆ, ಬಾಲ ಒಳಗೆ ಮಾಡಿ ತಾವೇ ಎರಡು ಪದರವಾಗಿ ನಿಲ್ಲುತ್ತವೆ. ನಮ್ಮ ಪ್ರತಿ ಜೀವಕೋಶದ ಪೊರೆ ಅದೇ. ಬಾಲದ ಸೊಟ್ಟು ಪೊರೆಯನ್ನು ಮೆತ್ತಗಿಡುತ್ತದೆ, ನಡುವೆ ತೂರಿದ ಕೊಲೆಸ್ಟರಾಲ್ ತೀರ ಸಡಿಲಾಗದಂತೆ ಹಿಡಿಯುತ್ತದೆ. ವಿಜ್ಞಾನಿಗಳಾದ ಸಿಂಗರ್ ಮತ್ತು ನಿಕಲ್ಸನ್ 1972ರಲ್ಲಿ ಕೊಟ್ಟ, ಪೊರೆಯನ್ನು ಪ್ರೋಟೀನ್‌ಗಳು ಹುದುಗಿದ ಹರಿದಾಡುವ ಲಿಪಿಡ್ ಪದರವೆಂದು ನೋಡುವ ದ್ರವ ಮೊಸಾಯಿಕ್ ಮಾದರಿಯನ್ನು ಇಲ್ಲಿಗೆ ತಂದು ಸೇರಿಸಿ. ಕೊಲೆಸ್ಟರಾಲ್‌ನಿಂದಲೇ ಯಕೃತ್ತು ಪಿತ್ತದ ಆಮ್ಲ ಮಾಡುತ್ತದೆ. ತಿಂದ ಬೆಣ್ಣೆದೋಸೆಯ ಕೊಬ್ಬನ್ನು ಕರುಳಿನಲ್ಲಿ ಸಣ್ಣ ಹನಿಯಾಗಿ ಒಡೆಯುವುದು ಆ ಪಿತ್ತ.

ಮೊಟ್ಟೆ ತರುವಂತಿಲ್ಲದ ಕಡೆ ಹಾಲನ್ನೇ ತೋರಿಸಿ. ಹಾಲಿನ ಕೊಬ್ಬಿನ ಹನಿಗೂ ಫಾಸ್ಫೋಲಿಪಿಡ್ ಪೊರೆ ಇದೆ. ಕಡೆದಾಗ ಪೊರೆ ಹರಿದು ಹನಿಗಳು ಒಂದಕ್ಕೊಂದು ಅಂಟಿ ಬೆಣ್ಣೆ ತೇಲುತ್ತದೆ, ಹರಿದ ಪೊರೆಯ ಚೂರು ಮಜ್ಜಿಗೆಗೆ ಹೋಗುತ್ತದೆ.

ಕೊನೆಯದು ಸೋಪು, ಮೇಷ್ಟ್ರು ಮಾತ್ರ ಮಾಡಬೇಕಾದದ್ದು. ಕೈಗವಸು, ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಕಾಸ್ಟಿಕ್ ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. 33 ಗ್ರಾಂ ನೀರಿಗೆ 13 ಗ್ರಾಂ ಸೋಡಿಯಂ ಹೈಡ್ರಾಕ್ಸೈಡನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೇ ಎರಚುತ್ತದೆ. 40 ಡಿಗ್ರಿಗೆ ಆರಿದ ಮೇಲೆ 100 ಗ್ರಾಂ ಶೇಂಗಾ ಎಣ್ಣೆಗೆ ಸುರಿದು, ಮೇಲೆ ಗೆರೆ ಎಳೆದರೆ ನಿಲ್ಲುವಷ್ಟು ಗಟ್ಟಿಯಾಗುವವರೆಗೆ ತಿರುವಿ. ಕೈಯಲ್ಲಾದರೆ ಗಂಟೆಯ ಮೇಲಾಗಬಹುದು. ಸೋಡಾ ಮೂರೂ ಎಸ್ಟರ್ ಬಂಧಗಳನ್ನು ಕತ್ತರಿಸುತ್ತದೆ: ಗ್ಲಿಸರಾಲ್ ಬಿಡುಗಡೆ, ಸರಪಳಿಗಳು ಸೋಪು. 1823ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ ಪ್ರಾಣಿಕೊಬ್ಬಿನ ಬಗ್ಗೆ ಪ್ರಕಟಿಸಿದ ಸಂಶೋಧನೆ ನಿಂತದ್ದು ಇದೇ ಕ್ರಿಯೆಯ ಮೇಲೆ. 100 ಗ್ರಾಂ ಶೇಂಗಾ ಎಣ್ಣೆಗೆ ಲೆಕ್ಕದ ಪ್ರಕಾರ 13.4ರಿಂದ 14 ಗ್ರಾಂ ಸೋಡಾ ಹಿಡಿಯುತ್ತದೆ. 13 ಹಾಕುವುದು ಸೋಡಾ ಉಳಿಯದಿರಲೆಂದು. ಎಷ್ಟು ತಿರುವಿದರೂ ಎಣ್ಣೆ ಬಿಟ್ಟುಕೊಂಡರೆ ಸೋಡಾ ಹಳೆಯದು, ಡಬ್ಬಿ ತೆರೆದಿಟ್ಟು ಗಾಳಿಯ ತೇವ ಕುಡಿದಿದೆ. ಎರಡು ದಿನಕ್ಕೆ ಅಚ್ಚಿನಿಂದ ತೆಗೆದು ನಾಲ್ಕು ವಾರ ಒಣಗಿಸಿ. ಶೇಂಗಾ ಸೋಪು ಮೆತ್ತಗೇ ಇರುತ್ತದೆ, ಕಾರಣ ಆಗಲೇ ಕಟ್ಟಿದ ಜಾಲಿ ಸಿವುಡಿನಲ್ಲಿದೆ. ಬೆಣ್ಣೆಯಲ್ಲಿ ಮಾತ್ರ ಸೋಪು ಮಾಡಹೋಗಬೇಡಿ: ಅದರ ನಾಲ್ಕು ಇಂಗಾಲದ ಬ್ಯುಟಿರಿಕ್ ಆಮ್ಲ ಬಿಡುಗಡೆಯಾದರೆ ಹಳಸಿದ ಬೆಣ್ಣೆಯ ನಾತ ಲ್ಯಾಬಿನಿಂದ ಹೋಗುವುದಿಲ್ಲ.

ಒಣಗಿದ ಸೋಪಿನ ಚೂರನ್ನು ಎರಡು ಬಾಟಲಿಗೆ ಹಾಕಿ, ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಚಿತ್ರದುರ್ಗದ ಕಡೆಯ ಗಡಸು ಬೋರ್‌ವೆಲ್ ನೀರು. ಮೊದಲನೆಯದರಲ್ಲಿ ನೊರೆ, ಎರಡನೆಯದರಲ್ಲಿ ಬಿಳಿ ಒಡಕು. ಕ್ಯಾಲ್ಸಿಯಂ ಎರಡೆರಡು ಸರಪಳಿಯನ್ನು ಹಿಡಿದು ಕೂತಿದೆ, ಬಕೆಟ್ಟಿನ ಅಂಚಿಗೆ ಹತ್ತುವ ಜಿಡ್ಡು ಅದೇ.