ಬೆಲ್ಟೋ, ಶಾಫ್ಟೋ? ಮೊದಲು ನೆಲ ನೋಡಿ

ಬೆಟಗೇರಿಯಲ್ಲಿ ನಮ್ಮಪ್ಪನ ಹಿಟ್ಟಿನ ಗಿರಣಿ ಇತ್ತು. ಶಾಲೆ ಬಿಟ್ಟರೆ ನಾನು ಅಲ್ಲೇ. ಬೆಲ್ಟು ಸಡಿಲಾದರೆ ಗಿರಣಿ ಎಳೆಯೋದಿಲ್ಲ, ಬಿಗಿಯಾದರೆ ಬೇರಿಂಗು ಕಾಯುತ್ತದೆ ಅನ್ನೋದನ್ನು ಅಲ್ಲೇ ಕಲಿತೆ. ಈಗ ಗದಗಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತೇನೆ, ಕ್ರೌನ್-ಪಿನಿಯನ್ (ದೊಡ್ಡ ಕ್ರೌನು, ಸಣ್ಣ ಪಿನಿಯನ್ನು ಸೇರಿ ಬಲವನ್ನು ಅಡ್ಡ ಹೊರಳಿಸುವ ಗೇರಿನ ಜೋಡಿ) ಬಿಚ್ಚೋದು ದಿನದ ಕೆಲಸ. ಭಾನುವಾರ ಬಂದರೆ ರಿಮೋಟ್ ಬಗ್ಗಿ, ಅಂದರೆ ಮಣ್ಣಿನ ನೆಲದಲ್ಲಿ ರಿಮೋಟಿನಿಂದ ಓಡಿಸುವ ಪುಟ್ಟ ಗಾಡಿ. ಮೊನ್ನೆ ಅಕ್ಕನ ಮಗ ಕೇಳಿದ, "ಮಾಮಾ, ಬೆಲ್ಟಿಂದು ಛಲೋನೋ, ಶಾಫ್ಟಿಂದು ಛಲೋನೋ?" ನಾನು ಕೇಳಿದ್ದು ಒಂದೇ: "ನೀ ಎಲ್ಲಿ ಓಡಸ್ತೀ?"

ಇಲ್ಲಿ ಮಾತಾಡುತ್ತಿರೋದು ನಾಲ್ಕೂ ಚಕ್ರಕ್ಕೆ ಎಳೆತ ಇರುವ ಬಗ್ಗಿಗಳ ಬಗ್ಗೆ. ಒಂದೇ ಮೋಟಾರಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಕಳಿಸಬೇಕು. ಬೆಲ್ಟಿನ ಗಾಡಿಯಲ್ಲಿ ಹಲ್ಲಿರುವ ರಬ್ಬರ್ ಬೆಲ್ಟು ಆ ಕೆಲಸ ಮಾಡುತ್ತದೆ. ಮೋಟಾರು ಅಡ್ಡ ಕೂತಿರುತ್ತದೆ. ಚಕ್ರ ತಿರುಗುವ ದಿಕ್ಕಿಗೇ ಎಲ್ಲವೂ ತಿರುಗುವುದರಿಂದ ಬಲ ಎಲ್ಲೂ ಅಡ್ಡ ಹೊರಳಬೇಕಿಲ್ಲ. ಶಾಫ್ಟಿನ ಗಾಡಿಯಲ್ಲಿ ಲಾರಿಯಂತೆ ನಡುವೆ ಉದ್ದನೆಯ ಶಾಫ್ಟು, ಎರಡೂ ತುದಿಗೆ ಕ್ರೌನ್-ಪಿನಿಯನ್. ಅಲ್ಲಿ ಬಲ 90 ಡಿಗ್ರಿ ಹೊರಳುತ್ತದೆ, ಹೊರಳುವಾಗ ಸ್ವಲ್ಪ ಸವೆಯುತ್ತದೆ. ಬೆಲ್ಟಿನ ಗಾಡಿ ಮೆತ್ತಗೆ, ಸದ್ದಿಲ್ಲದೆ ಓಡುವುದು ಇದಕ್ಕೇ.

ಕಂಪನಿಗಳೂ ಬೇರೆ ಬೇರೆ ದಾರಿ ಹಿಡಿದಿವೆ. 1985ರಲ್ಲಿ ಬಂದ ಕ್ಯೋಶೋ ಆಪ್ಟಿಮಾಗೆ ಸೈಕಲ್ಲಿನಂತೆ ಚೈನು. ಅದೇ ವರ್ಷದ ತಾಮಿಯಾ ಹಾಟ್‌ಶಾಟ್‌ಗೆ ಶಾಫ್ಟು. 1987ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಇಂಥ ಬಗ್ಗಿಗಳ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಜಪಾನಿನ ಮಸಾಮಿ ಹಿರೋಸಾಕಾ ಗೆದ್ದದ್ದು ಶೂಮಾಕರ್ ಕ್ಯಾಟ್ ಎಕ್ಸ್ಎಲ್‌ನಲ್ಲಿ, ಅದು ಬೆಲ್ಟಿನ ಗಾಡಿ. ದೊಡ್ಡ 1/8 ಸ್ಕೇಲಿನ (ನಿಜವಾದ ಗಾಡಿಯ ಎಂಟನೇ ಒಂದು ಗಾತ್ರದ) ಬಗ್ಗಿಗಳು ಮಾತ್ರ ಹೆಚ್ಚುಕಮ್ಮಿ ಎಲ್ಲವೂ ಶಾಫ್ಟೇ.

ಈಗ ನೆಲದ ಮಾತು. ನಮ್ಮ ಗದಗ ಕಡೆ ಎರಿ ಭೂಮಿ. ಒಣಗಿದಾಗ ಬಿರುಕು, ಹೆಂಟೆ, ಹಿಟ್ಟಿನಂಥ ಧೂಳು. ಒಂದು ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿ ಚಕ್ರವೇ ಲಾಡುವಿನಂತೆ ಆಗುತ್ತದೆ. ಧಾರವಾಡದ ಪಡುವಣ ಕಡೆ ಹೋದರೆ ಕೆಂಪು ಮಣ್ಣು, ಅದರಲ್ಲಿ ಗರಸು. ಬೆಲ್ಟಿಗೆ ಅತಿ ದೊಡ್ಡ ಶತ್ರು ಆ ಗರಸು.

ಇದು ನನ್ನ ಕೈಯಲ್ಲೇ ಆದದ್ದು. ಸೆಕೆಂಡ್ ಹ್ಯಾಂಡ್ ಬೆಲ್ಟ್ ಬಗ್ಗಿ ಒಂದನ್ನು ಗರಸಿನ ಬಯಲಿನಲ್ಲಿ ಓಡಿಸಿದೆ. ಮೇಲಿನ ಕವರು ಒಂದು ಕಡೆ ಸೀಳಿತ್ತು, ನಾನು ನೋಡಿರಲಿಲ್ಲ. ಎರಡನೇ ಸುತ್ತಿಗೆ ಟರ್ರ್ ಅಂತ ಸದ್ದು, ಮುಂದಿನ ಚಕ್ರ ಸತ್ತವು. ಬಿಚ್ಚಿ ನೋಡಿದರೆ ಪುಲ್ಲಿಯ ಎರಡು ಹಲ್ಲಿನ ನಡುವೆ ಜೋಳದ ಕಾಳಿನಷ್ಟು ಕಲ್ಲು. ಬೆಲ್ಟಿನ ಹಲ್ಲು ಐದಾರು ಒಟ್ಟಿಗೇ ಕಿತ್ತು, ಒಳಗಿನ ದಾರ ಬಿಳಿಬಿಳಿಯಾಗಿ ಕಾಣುತ್ತಿತ್ತು. ಗಿರಣಿಯ ಬೆಲ್ಟು ಭಾರ ಬಿದ್ದರೆ ಜಾರುತ್ತದೆ, ಉಳಿಯುತ್ತದೆ. ಹಲ್ಲಿನ ಬೆಲ್ಟಿಗೆ ಜಾರಲು ಬರೋದಿಲ್ಲ, ಹಲ್ಲು ಹಾರುತ್ತದೆ, ಇಲ್ಲವೇ ಕೀಳುತ್ತದೆ.

ಹಾಗಾಗಿ ಹೊಲ, ಬಯಲು, ರಸ್ತೆ ಬದಿ ಅಂತ ಸಿಕ್ಕ ಕಡೆ ಓಡಿಸುವವರು ಸುಮ್ನೆ ಶಾಫ್ಟಿನ ಗಾಡಿ ತಗೊಳ್ಳಿ. ಕ್ರೌನು-ಪಿನಿಯನ್ನು ಮುಚ್ಚಿದ ಹೌಸಿಂಗಿನೊಳಗೆ ಇರುತ್ತವೆ, ಕಲ್ಲು ಸುಲಭಕ್ಕೆ ಒಳಗೆ ಹೋಗೋದಿಲ್ಲ. ತಾಮಿಯಾ ಟಿಟಿ-02ಬಿ ಶಾಫ್ಟಿನದು. ಡಬ್ಲ್ಯುಎಲ್ ಟಾಯ್ಸ್ 144001 ಕೂಡ ಶಾಫ್ಟಿನದೇ, ಗಾತ್ರ 1/14. ಅಳಿಯನಿಗೆ ಕೊಡಿಸಿದ್ದು ಅದನ್ನೇ. ಬೆಲ್ಟು ಬೇಕೇ ಬೇಕು ಅನ್ನುವವರು ನೆಲ ತಯಾರು ಮಾಡಿಕೊಳ್ಳಬೇಕು. ನಾನು ಊರಲ್ಲಿ ದೊಡ್ಡಪ್ಪನ ಹಳೇ ಕಣ ಗುಡಿಸಿ, ನೀರು ಹೊಡೆದು, ಬಡಿದು ಗಟ್ಟಿ ಮಾಡಿಕೊಂಡಿದ್ದೇನೆ. ಸುಗ್ಗಿ ಮುಗಿದ ಮೇಲೆ ಕಣದಷ್ಟು ಚಂದದ ಟ್ರ್ಯಾಕ್ ಇನ್ನೊಂದಿಲ್ಲ. ಅಲ್ಲಿ ಬೆಲ್ಟಿನ ಗಾಡಿ ತಿರುವಿನಲ್ಲಿ ಹೋಗುವುದನ್ನು ನೋಡಿದರೆ ಅದರ ಮೇಲೆ ಯಾಕೆ ಆಸೆ ಅಂತ ನಿಮಗೇ ಗೊತ್ತಾಗುತ್ತದೆ.

ಓಡಿಸುವಾಗಲೂ ವ್ಯತ್ಯಾಸ ಇದೆ. ಶಾಫ್ಟಿನ ಗಾಡಿಯಲ್ಲಿ ಮೋಟಾರು ಉದ್ದಕ್ಕೆ ಕೂತಿದ್ದರೆ, ಒಮ್ಮೆಲೆ ಥ್ರಾಟಲ್ (ರಿಮೋಟಿನಲ್ಲಿ ವೇಗ ಕೊಡುವ ಟ್ರಿಗರ್) ಒತ್ತಿದಾಗ ಗಾಡಿಯ ಮೈ ಒಂದು ಪಕ್ಕಕ್ಕೆ ವಾಲುತ್ತದೆ. ದಿಬ್ಬ ಹಾರುವಾಗ ಇದು ಇನ್ನೂ ಜಾಸ್ತಿ ಕಾಣುತ್ತದೆ. ಗಾಳಿಯಲ್ಲಿರುವಾಗ ಥ್ರಾಟಲ್ ಸಣ್ಣಗೆ ಆಡಿಸಿ. ಮೋಟಾರು ಅಡ್ಡ ಇರುವ ಬೆಲ್ಟಿನ ಗಾಡಿ ಪಕ್ಕಕ್ಕೆ ವಾಲೋದಿಲ್ಲ, ಮೂತಿ ಮಾತ್ರ ಏಳುತ್ತದೆ, ಬ್ರೇಕ್ ಒತ್ತಿದರೆ ಇಳಿಯುತ್ತದೆ.

ಬೆಲ್ಟಿನ ಬಿಗಿ ನೋಡುವುದು ಹೀಗೆ. ಎರಡು ಪುಲ್ಲಿಗಳ ನಡುವೆ ಬೆರಳಿಂದ ಮೆಲ್ಲಗೆ ಒತ್ತಿ. ನಾನು 3-4 ಮಿ.ಮೀ. ಬಗ್ಗುವಷ್ಟು ಇಡುತ್ತೇನೆ. ಆಮೇಲೆ ಹಿಂದಿನ ಎರಡೂ ಚಕ್ರ ಗಟ್ಟಿ ಹಿಡಿದು, ಮುಂದಿನ ಎರಡನ್ನೂ ಬಲವಾಗಿ ತಿರುಗಿಸಿ. ನಡುವೆ ಡಿಫ್ (ಎರಡು ಕಡೆಯ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಅಥವಾ ಕ್ಲಚ್ ಇಲ್ಲದ ಗಾಡಿಯಲ್ಲಿ ಚಕ್ರ ಅಲುಗಬಾರದು. ಟಕ್ ಟಕ್ ಅಂದರೆ ಹಲ್ಲು ಹಾರುತ್ತಿದೆ. ಡಿಫ್ ಬೇರಿಂಗು ಕೂರುವ ಹೋಲ್ಡರನ್ನು ಒಂದು ಕಚ್ಚು ತಿರುಗಿಸಿದರೆ ಬೆಲ್ಟು ಬಿಗಿಯಾಗುತ್ತದೆ, ಎಡ-ಬಲ ಎರಡನ್ನೂ ಒಂದೇ ಅಳತೆಗೆ ತಿರುಗಿಸಿ. ಹೊಸ ಬೆಲ್ಟು ಮೊದಲ ಕೆಲವು ಓಟಕ್ಕೆ ಸ್ವಲ್ಪ ಸಡಿಲಾಗುತ್ತದೆ, ಮತ್ತೆ ನೋಡಬೇಕು. ಬೆಲ್ಟಿಗೆ ಎಣ್ಣೆ, ಗ್ರೀಸು ಯಾವತ್ತೂ ಹಚ್ಚಬೇಡಿ. ಧೂಳು ತೆಗೆಯಲು ಹಳೇ ಹಲ್ಲುಜ್ಜುವ ಬ್ರಷ್ ಸಾಕು.

ಶಾಫ್ಟಿನಲ್ಲಿ ಕೆಲಸ ಶಿಮ್ಮಿನದು, ಅಂದರೆ ಸಂದು ತುಂಬುವ ತೆಳ್ಳನೆಯ ವಾಷರಿನದು. ಹೌಸಿಂಗ್ ಬಿಚ್ಚಿ, ಡಿಫ್ ಕೂರಿಸಿ, ಪಿನಿಯನ್ ಹಿಡಿದು ಕ್ರೌನನ್ನು ಅಲುಗಿಸಿ. ಕೂದಲಿನಷ್ಟು ಪ್ಲೇ (ಸಡಿಲ) ಇರಬೇಕು. ಕಟಕಟ ಅಂತ ಜಾಸ್ತಿ ಆಡಿದರೆ ಕ್ರೌನಿನ ಬೆನ್ನಿನ ಕಡೆ 0.1 ಮಿ.ಮೀ. ಶಿಮ್ ಒಂದು ಹಾಕಿ. ಆಗ ಅದು ಪಿನಿಯನ್ ಕಡೆ ಸರಿಯುತ್ತದೆ. ತಿರುಗಿಸಿದಾಗ ಒಂದು ಜಾಗದಲ್ಲಿ ಮಾತ್ರ ಗಟ್ಟಿ ಅನ್ನಿಸಿದರೆ ಶಿಮ್ ಜಾಸ್ತಿಯಾಗಿದೆ, ಇಲ್ಲವೇ ಕ್ರೌನ್ ಸೊಟ್ಟ ಕೂತಿದೆ. ಟ್ರ್ಯಾಕ್ಟರಿಗೂ ಇದೇ ಲೆಕ್ಕ, ಅಳತೆ ಮಾತ್ರ ಬೇರೆ. ಗ್ರೀಸು ಹಲ್ಲಿಗೆ ತೆಳ್ಳಗೆ ಸವರಿ, ತುಂಬಿಸಬೇಡಿ.

ಮೋಟಾರಿನ ಪಿನಿಯನ್ನು ದೊಡ್ಡ ಗೇರಿಗೆ ಕೂಡುವ ಜಾಗಕ್ಕೆ ನನ್ನ ಹತ್ತಿರ ಬಸ್ ಟಿಕೆಟ್ ಇರುತ್ತದೆ. ಟಿಕೆಟ್ ಚೂರನ್ನು ಎರಡರ ನಡುವೆ ಇಟ್ಟು, ಮೋಟಾರು ಒತ್ತಿ ಹಿಡಿದು ಸ್ಕ್ರೂ ಬಿಗಿಮಾಡಿ, ಗೇರು ತಿರುಗಿಸಿ ಕಾಗದ ಹೊರತೆಗೆಯಿರಿ. ಹರಿಯದೆ, ಮಡಿಕೆ ಮಡಿಕೆಯಾಗಿ ಬಂದರೆ ಸರಿ ಕೂತಿದೆ. ಈ ಗೇರು ತೆರೆದೇ ಇದ್ದರೆ ಅದಕ್ಕೂ ಗ್ರೀಸು ಬೇಡ, ಎರಿ ಧೂಳು ಅಂಟಿ ಉಜ್ಜುವ ಕಾಗದದಂತೆ ಹಲ್ಲು ತಿನ್ನುತ್ತದೆ.

ಹತ್ತಿ ಬಿಡಿಸಿದ ಹೊಲದ ಹತ್ತಿರ ಓಡಿಸಿದರೆ ಇನ್ನೊಂದು ನೋಡಿ. ಅರಳೆಯ ಎಳೆ ಚಕ್ರದ ಆಕ್ಸಲಿಗೆ ಸುತ್ತಿ ಬೇರಿಂಗಿನೊಳಗೆ ಹೋಗುತ್ತದೆ. ಬೆಲ್ಟಾಗಲಿ ಶಾಫ್ಟಾಗಲಿ, ಮನೆಗೆ ಬಂದ ಕೂಡಲೇ ಚಕ್ರ ಬಿಚ್ಚಿ ಸೂಜಿಯಿಂದ ಅದನ್ನು ತೆಗೆಯಿರಿ.

ಎಲ್ಲಾ ಜೋಡಿಸಿದ ಮೇಲೆ ಐದು ನಿಮಿಷ ಓಡಿಸಿ, ನಿಲ್ಲಿಸಿ, ಮೋಟಾರಿಗೆ ಬೆರಳು ತಾಗಿಸಿ. ಎರಡು ಮೂರು ಸೆಕೆಂಡ್ ಇಡಲು ಆಗುತ್ತಿಲ್ಲ ಅಂದರೆ ಅವತ್ತಿಗೆ ಓಟ ಸಾಕು. ಬೆಲ್ಟು, ಶಿಮ್ಮು, ಟಿಕೆಟ್ಟಿನ ಜಾಗ, ಈ ಮೂರರಲ್ಲಿ ಒಂದು ಬಿಗಿಯಾಗಿದೆಯೇ ಅಂತ ಮತ್ತೆ ಬಿಚ್ಚಿ ನೋಡಿ.