ಜೀವಂತ ಮೆದುಳಿನ ಚೂರಿನಲ್ಲಿ ಸಿನಾಪ್ಸ್ ಬೆಳಗಿಸುವುದು ಹೇಗೆ?

ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗವೇ ಸಿನಾಪ್ಸ್. ಮೊದಲ ಸಲ ಅಲ್ಲಿರುವ ಪಿಎಸ್‌ಡಿ-95 ಪ್ರೋಟೀನಿಗೆ ಹಸಿರಾಗಿ ಹೊಳೆಯುವ ಜಿಎಫ್‌ಪಿ ಎಂಬ ಪ್ರೋಟೀನ್ ಸೇರಿಸಿ, ಜೀನನ್ನು ಜೋರಾಗಿ ಓದಿಸುವ ಪ್ರಮೋಟರ್ ಹಾಕಿ ನರಕೋಶದೊಳಗೆ ಕಳಿಸಿದಾಗ ಚಿತ್ರ ತುಂಬಾ ಚೆನ್ನಾಗಿ ಬಂತು. ಸ್ಪೈನ್‌ಗಳೆಲ್ಲ, ಅಂದರೆ ಸಿನಾಪ್ಸ್ ಇರುವ ಪುಟ್ಟ ಮೊಗ್ಗುಗಳೆಲ್ಲ, ದಪ್ಪ ದಪ್ಪ, ಒಳಗೆ ಹೊಳೆಯುವ ಹಸಿರು ಚುಕ್ಕಿ. ಬರೀ ಕೆಂಪು ಬಣ್ಣ ತುಂಬಿದ ಪಕ್ಕದ ಕೋಶದ ಜೊತೆ ಹೋಲಿಸಿದಾಗ ಗೊತ್ತಾಯಿತು, ಆ ದಪ್ಪ ನಾನೇ ತಂದದ್ದು. ಪಿಎಸ್‌ಡಿ-95 ಸಿನಾಪ್ಸ್‌ನಲ್ಲಿ ಸಂದೇಶ ಪಡೆಯುವ ಬದಿಗಿದ್ದು, ಸಂದೇಶ ಹಿಡಿಯುವ ರಿಸೆಪ್ಟರ್‌ಗಳನ್ನು ಜಾಗದಲ್ಲಿ ಹಿಡಿದಿಡುವ ಪ್ರೋಟೀನ್. ಅದು ಜಾಸ್ತಿಯಾದರೆ ಸಿನಾಪ್ಸ್ ದೊಡ್ಡದಾಗುತ್ತದೆ, ಬಲವಾಗುತ್ತದೆ. ಐದು ವಾರದ ಎಣಿಕೆಯನ್ನು ಕೈಬಿಡಬೇಕಾಯಿತು. ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ: ಗುರುತು ಹಾಕುವ ಕೆಲಸದಲ್ಲಿ ಪ್ರೋಟೀನಿನ ಪ್ರಮಾಣ ಬದಲಾಗಬಾರದು.

ಅದಕ್ಕೇ ನಾನು ಫಿಂಗರ್ (FingR) ಎಂಬ ಗುರುತು ಬಳಸುತ್ತೇನೆ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಾನ್ ಆರ್ನಲ್ಡ್ ತಂಡ 2013ರಲ್ಲಿ ಇದನ್ನು ಪ್ರಕಟಿಸಿತು. ಫೈಬ್ರೊನೆಕ್ಟಿನ್ ಎಂಬ ಪ್ರೋಟೀನಿನ ಒಂದು ಸಣ್ಣ ತುಂಡಿನಿಂದ ಮಾಡಿದ, ಆ್ಯಂಟಿಬಾಡಿಯ ಹಾಗೆ ಹಿಡಿಯುವ ಪ್ರೋಟೀನ್ ಇದು. ಜಿಎಫ್‌ಪಿ ಹೊತ್ತುಕೊಂಡು, ಕೋಶದಲ್ಲಿ ಮೊದಲೇ ಇರುವ ಪಿಎಸ್‌ಡಿ-95ಕ್ಕೆ ಹೋಗಿ ಅಂಟುತ್ತದೆ. ನಾವು ಪಿಎಸ್‌ಡಿ-95 ಅನ್ನು ಹೊಸದಾಗಿ ಸೇರಿಸುವುದೇ ಇಲ್ಲ. ಅಂಟಲು ಜಾಗ ಸಿಗದೆ ಉಳಿದ ಫಿಂಗರ್ ನ್ಯೂಕ್ಲಿಯಸ್‌ಗೆ ಹೋಗಿ ತನ್ನದೇ ಜೀನಿನ ಓದನ್ನು ನಿಲ್ಲಿಸುತ್ತದೆ. ಹಾಗಾಗಿ ನ್ಯೂಕ್ಲಿಯಸ್ ಹಸಿರಾಗಿ ಕಂಡರೆ ಗಾಬರಿಯಾಗಬೇಡಿ, ಕಡಿವಾಣ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಸ್ಪೈನ್‌ಗಳು ಮೂಡುವ ಕೊಂಬೆಯ, ಅಂದರೆ ಡೆಂಡ್ರೈಟ್‌ನ ಕಾಂಡವೆಲ್ಲ ಹಸಿರಾಗಿದ್ದರೆ ಮಾತ್ರ ಆ ಕೋಶವನ್ನು ಬಿಟ್ಟುಬಿಡಿ. ಫಿಂಗರ್‌ನ ಜೀನ್ ಇರುವ ಡಿಎನ್‌ಎ ಉಂಗುರ (ಪ್ಲಾಸ್ಮಿಡ್) ಆಡ್‌ಜೀನ್ ಎಂಬ ಸಂಗ್ರಹಾಲಯದಲ್ಲಿ ಸಿಗುತ್ತದೆ. ಜೀನನ್ನು ತಿದ್ದುವ ಕ್ರಿಸ್ಪರ್‌ನಿಂದ ಜೀನಿಗೇ ಟ್ಯಾಗ್ ಸೇರಿಸುವ ದಾರಿಯೂ ಇದೆ, ಆದರೆ ಹೊಸಬರಿಗೆ ಫಿಂಗರ್ ಸುಲಭ.

ಚೂರು ಮಾಡುವುದು ಸ್ಟಾಪಿನಿ ಎಂಬ ವಿಜ್ಞಾನಿಯ ತಂಡ 1991ರಲ್ಲಿ ಪ್ರಕಟಿಸಿದ ವಿಧಾನದಲ್ಲಿ. ಪ್ರಾಣಿ ಪ್ರಯೋಗದ ಸಮಿತಿಯ ಅನುಮತಿ ಕೈಯಲ್ಲಿದ್ದ ಮೇಲೆ, 5ರಿಂದ 7 ದಿನದ ಇಲಿಮರಿಯ ಮೆದುಳಿನಿಂದ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗ ತೆಗೆದು, ಚಾಪರ್‌ನಲ್ಲಿ 400 ಮೈಕ್ರಾನ್ ದಪ್ಪಕ್ಕೆ ಕತ್ತರಿಸುತ್ತೇವೆ. 0.4 ಮೈಕ್ರಾನ್ ರಂಧ್ರದ ಮೆಂಬ್ರೇನ್ ಮೇಲೆ ಚೂರು ಕೂರುತ್ತದೆ, ಕೆಳಗೆ 1 ಮಿಲಿಲೀಟರ್ ಮೀಡಿಯಂ, ಅಂದರೆ ಪೋಷಕ ದ್ರವ. ಚೂರಿನ ಮೇಲೆ ನಿಂತ ದ್ರವವನ್ನು ಪೂರ್ತಿ ಹೀರಿ ತೆಗೆಯಿರಿ. ಅದು ಮುಳುಗಿದರೆ ಆಕ್ಸಿಜನ್ ಸಾಲದೆ ಸಾಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಮೀಡಿಯಂ ಬದಲಿಸಿ. ಅಮ್ಮ ಫೋನಿನಲ್ಲಿ, "ಅದು ನಿಜವಾಗ್ಲೂ ಬದುಕಿರುತ್ತಾ?" ಅಂತ ಕೇಳಿದ್ದರು. ಬದುಕಿರುತ್ತದೆ ಅಮ್ಮ, ವಾರಗಟ್ಟಲೆ.

ಫಿಂಗರ್‌ನ ಜೀನನ್ನು ಕೋಶಕ್ಕೆ ಒಯ್ಯುವ ವೈರಸ್ ಹಾಕುವುದು ಚೂರು ಮಾಡಿದ ಮೂರನೆಯ ದಿನ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಜಾತ್ರೆಯಲ್ಲಿ ಎಲ್ಲರ ಕೈಗೂ ಟಾರ್ಚ್ ಕೊಟ್ಟರೆ ನಿಮಗೆ ಬೇಕಾದವರು ಕಾಣುವುದಿಲ್ಲ, ಅಲ್ವಾ? ಚೂರಿನಲ್ಲೂ ಹಾಗೇ. ಬೆರಳೆಣಿಕೆಯ ಕೋಶಗಳು ಬೆಳಗಿದರೆ ಸಾಕು. ನಾನು ಎಎವಿ ಎಂಬ ಬಗೆಯ ಮೂರು ವೈರಸ್ ಬೆರೆಸುತ್ತೇನೆ: ಜೀನಿಗೆ ಸ್ವಿಚ್ಚಿನಂತಿರುವ ಕ್ರೀ ಎಂಬ ಕಿಣ್ವ ಇದ್ದರೆ ಮಾತ್ರ ಕೆಲಸ ಮಾಡುವ ಫಿಂಗರ್-ಜಿಎಫ್‌ಪಿ, ಅದೇ ಬಗೆಯ, ಕೋಶವನ್ನೆಲ್ಲ ಕೆಂಪಾಗಿಸುವ ಟಿಡಿಟೊಮ್ಯಾಟೊ, ಮತ್ತು ತುಂಬಾ ತೆಳು ಮಾಡಿದ ಕ್ರೀ. ಮೊದಲೆರಡು ಧಾರಾಳವಾಗಿರಲಿ, ಎಷ್ಟು ಕೋಶ ಬೆಳಗಬೇಕು ಎನ್ನುವುದನ್ನು ಕ್ರೀ ನಿರ್ಧರಿಸುತ್ತದೆ. ಪ್ರತಿ ಬ್ಯಾಚಿನ ವೈರಸ್ ಬೇರೆ ಥರ. ಹಾಗಾಗಿ ಕ್ರೀಯನ್ನು 1:500, 1:2000, 1:10000 ಮಾಡಿ ಮೂರನ್ನೂ ಒಂದೊಂದು ಚೂರಿಗೆ ಹಾಕಿ ನೋಡಿ. ಗಾಜಿನ ಪಿಪೆಟ್‌ನಿಂದ ಹಿಪೊಕ್ಯಾಂಪಸ್‌ನ ಸಿಎ1 ಭಾಗಕ್ಕೆ ಮೆಲ್ಲಗೆ ಊದಿ, ಎರಡು ವಾರ ಮೀಡಿಯಂ ಬದಲಿಸುವುದಕ್ಕಲ್ಲದೆ ಮುಟ್ಟದೆ ಬಿಡಿ.

ಚಿತ್ರ ತೆಗೆಯುವ ದಿನ, ದ್ರವದಲ್ಲಿ ಕರಗಿದ ಕಣಗಳ ಪ್ರಮಾಣ ಅಳೆಯುವ ಆಸ್ಮೋಮೀಟರ್ ಮರೆಯಬೇಡಿ. ಮೀಡಿಯಂ ಮತ್ತು ಮೈಕ್ರೊಸ್ಕೋಪ್ ಕೆಳಗೆ ಚೂರನ್ನು ಇಡುವ ಎಸಿಎಸ್‌ಎಫ್ (ಮೆದುಳಿನ ದ್ರವವನ್ನು ಹೋಲುವ ಕೃತಕ ದ್ರವ) ಎರಡನ್ನೂ ಅಳೆದು, ವ್ಯತ್ಯಾಸ 10 ಮಿಲಿಆಸ್ಮೋಲ್ ದಾಟದಂತೆ ಸರಿಮಾಡಿ. ಒಂದು ಸಲ ಅಳೆಯದೆ ಚೂರು ಇಟ್ಟೆ, ಹತ್ತೇ ನಿಮಿಷದಲ್ಲಿ ಡೆಂಡ್ರೈಟ್‌ಗಳು ಊದಿಕೊಂಡವು. ಎಸಿಎಸ್‌ಎಫ್‌ಗೆ 95% ಆಕ್ಸಿಜನ್, 5% ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಬಿಡುತ್ತಿರಿ, 32 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ.

ಚೂರಿನ ಆಳದಲ್ಲೂ ಚಿತ್ರ ತೆಗೆಯಬಲ್ಲ ಟೂ-ಫೋಟಾನ್ ಮೈಕ್ರೊಸ್ಕೋಪಿನ ಲೇಸರನ್ನು 920 ನ್ಯಾನೊಮೀಟರ್‌ಗೆ ಇಟ್ಟರೆ ಹಸಿರು ಚೆನ್ನಾಗಿ ಕಾಣುತ್ತದೆ, ಕೆಂಪೂ ಸಾಕಷ್ಟು ಸಿಗುತ್ತದೆ. ಸ್ಪೈನ್‌ನ ತಲೆ ಅರ್ಧ ಮೈಕ್ರಾನ್‌ನಷ್ಟೇ ಇರುವುದರಿಂದ ಒಂದು ಪಿಕ್ಸೆಲ್ 0.1 ಮೈಕ್ರಾನ್ ದಾಟದಿರಲಿ, ಆಳದ ಹೆಜ್ಜೆ 0.5 ಮೈಕ್ರಾನ್ ಇರಲಿ. ಲೇಸರ್ ಎಷ್ಟು ಕಡಿಮೆ ಸಾಧ್ಯವೋ ಅಷ್ಟು ಕಡಿಮೆ. ಚಿತ್ರ ಸ್ವಲ್ಪ ಮಬ್ಬಾದರೂ ಪರವಾಗಿಲ್ಲ. ಡೆಂಡ್ರೈಟ್ ಮಣಿಸರದ ಹಾಗೆ ಗಂಟು ಗಂಟಾಗಲು ಶುರುವಾದರೆ ಕೋಶಕ್ಕೆ ಪೆಟ್ಟಾಗಿದೆ, ಅಲ್ಲಿಗೇ ನಿಲ್ಲಿಸಿ. ನಾನು ಹದಿನೈದು ನಿಮಿಷಕ್ಕೊಮ್ಮೆ ಒಂದು ಸ್ಟ್ಯಾಕ್, ಅಂದರೆ ಬೇರೆ ಬೇರೆ ಆಳದ ಚಿತ್ರಗಳ ಸರಣಿ, ತೆಗೆಯುತ್ತೇನೆ, ನಡುವೆ ಶಟರ್ ಮುಚ್ಚಿರುತ್ತದೆ. ಚೂರು ಸರಿದಿದ್ದರೆ ಕೆಂಪು ಚಾನೆಲ್ ನೋಡಿ ಹೊಂದಿಸಿ. ಹಸಿರು ಚುಕ್ಕಿಯನ್ನು ಹಿಡಿದು ಹೊಂದಿಸಬೇಡಿ. ನಾವು ಅಳೆಯಲು ಹೊರಟ ಚಲನೆಯೇ ಅದರಲ್ಲಿ ಅಳಿಸಿಹೋಗಬಹುದು.

ಕೊನೆಗೆ ಕೆಲವು ಚೂರುಗಳನ್ನು 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ, ಪಿಎಸ್‌ಡಿ-95 ಆ್ಯಂಟಿಬಾಡಿ ಹಾಕಿ ನೋಡಿ. ಹಸಿರು ಚುಕ್ಕಿಯೂ ಆ್ಯಂಟಿಬಾಡಿಯ ಚುಕ್ಕಿಯೂ ಒಂದರ ಮೇಲೊಂದು ಕೂರಬೇಕು. ಫಿಂಗರ್ ಇರುವ ಕೋಶದಲ್ಲೂ ಬರೀ ಟಿಡಿಟೊಮ್ಯಾಟೊ ಇರುವ ಕೋಶದಲ್ಲೂ ಸ್ಪೈನ್ ಎಣಿಸಿ ಹೋಲಿಸಿ. ಎಣಿಸುವಾಗ ಯಾವುದು ಯಾವುದೆಂದು ನನಗೆ ತಿಳಿದಿರಬಾರದು. ಹಾಗಾಗಿ ಪಕ್ಕದ ಬೆಂಚಿನ ಗೆಳತಿ ಫೈಲುಗಳ ಹೆಸರು ಬದಲಿಸಿ ಕೊಡುತ್ತಾಳೆ. ಹೆಸರಿನ ಪಟ್ಟಿ ಎಣಿಕೆ ಮುಗಿಯುವವರೆಗೆ ಅವಳ ಡ್ರಾಯರ್‌ನಲ್ಲೇ ಇರುತ್ತದೆ.