ನೋಟೊದ ಒಂದು ಬಾಟಲಿ, ಎಂಟು ಮಂದಿ

2024ರ ಜನವರಿ 1ರ ಸಂಜೆ ಜಪಾನಿನ ಇಶಿಕಾವಾ ಪ್ರಾಂತ್ಯದ ನೋಟೊದಲ್ಲಿ 7.6 ತೀವ್ರತೆಯ ಭೂಕಂಪ ಆಯಿತು. ಸಾಕೆ, ಅಂದರೆ ಅಕ್ಕಿಯ ಮದ್ಯ, ಮಾಡುವ ಮನೆಗೆ ಇಲ್ಲಿ ಕುರಾ ಅಂತಾರೆ. ಚಳಿಗಾಲವೇ ಅವರ ಸುಗ್ಗಿ. ತೊಟ್ಟಿಗಳಲ್ಲಿ ಅನ್ನ ಹುದುಗುತ್ತಿದ್ದ ಹೊತ್ತಿಗೇ ಸುಝು, ವಾಜಿಮಾ ಕಡೆಯ ಕುರಾಗಳು ಕುಸಿದವು. ನಾನು ಟೋಕಿಯೊದ ನಿಶಿ-ಕಸಾಯಿಯಲ್ಲಿದ್ದೇನೆ. ಒಂದು ಸಲ ದುಡ್ಡು ಕಳಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಕುರಾ ಉಳಿಯಬೇಕಾದರೆ ಅದರ ಸಾಕೆಯನ್ನು ಮತ್ತೆ ಮತ್ತೆ ಕೊಳ್ಳುವವರು ಬೇಕು. ಹಾಗಾಗಿ ತಿಂಗಳಿಗೊಂದು ಭಾನುವಾರ ಕನ್ನಡದ ಗೆಳೆಯರನ್ನು ಮನೆಗೆ ಕರೆಯತೊಡಗಿದೆ.

ಸರದಿಯ ಮೇಲೆ ಒಬ್ಬರು ಒಂದು ಬಾಟಲಿ ತರಬೇಕು, ಅಷ್ಟೇ. 720 ಮಿಲಿಲೀಟರಿನ ಬಾಟಲಿ ಎಂಟು ಜನಕ್ಕೆ ತಲಾ 90ರಂತೆ ಸರಿಯಾಗುತ್ತದೆ. ಇದು 15–16 ಶೇಕಡಾ ಮದ್ಯ, ರುಚಿ ನೋಡಲು ಅಷ್ಟು ಸಾಕು. ಪಕ್ಕದಲ್ಲಿ ನೀರಿನ ಲೋಟ ಇರಲೇಬೇಕು. ಕಾರಿನವರಿಗೆ ಮಾತ್ರವಲ್ಲ, ಸೈಕಲ್‌ನಲ್ಲಿ ಬಂದವರಿಗೂ ಕೊಡುವುದಿಲ್ಲ. ಇಲ್ಲಿ ಅದೂ ಅಪರಾಧ. ಲೈಸೆನ್ಸ್ ಇಲ್ಲದೆ ಮದ್ಯದ ವ್ಯಾಪಾರ ಮಾಡುವಂತಿಲ್ಲವಾದ್ದರಿಂದ ನಾನು ಒಟ್ಟಿಗೆ ತರಿಸಿ ಹಂಚಿ ಮಾರುವುದಿಲ್ಲ. ಇಷ್ಟವಾದವರು ತಾವೇ ಕುರಾಗೆ ಆರ್ಡರ್ ಹಾಕುತ್ತಾರೆ. ನಾನು ಮಾಡುವುದು ಲೇಬಲ್ ಓದಿ ಹೇಳುವುದು, ಆರ್ಡರ್ ತುಂಬಲು ಪಕ್ಕದಲ್ಲಿ ಕೂರುವುದು.

ಮೊದಲ ತಿಂಗಳು ಒಂದು ತಪ್ಪು ಮಾಡಿದೆ. ಕಾಯಿಸದ ಹಸಿ ಸಾಕೆ, ಅಂದರೆ ನಾಮಾಝಾಕೆ ತಂದು, ಫ್ರಿಜ್‌ನಲ್ಲಿ ಜಾಗವಿಲ್ಲವೆಂದು ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಎರಡು ವಾರ ಬಿಟ್ಟು ತೆರೆದರೆ ಕಮಟು ವಾಸನೆ. ಅಷ್ಟು ಕಷ್ಟದಲ್ಲಿ ಯಾರೋ ಮಾಡಿದ್ದನ್ನು ಚೆಲ್ಲಬೇಕಾಯಿತಲ್ಲ ಅಂತ ಇಂದಿಗೂ ಬೇಸರ. ಈಗ ‘ಯೋರೇಯ್‌ಝೋ’, ತಣ್ಣಗಿಡಿ, ಅಂತ ಲೇಬಲ್‌ನಲ್ಲಿದ್ದರೆ ಮೊದಲು ಫ್ರಿಜ್ ಖಾಲಿ ಮಾಡುತ್ತೇನೆ.

ನಮ್ಮವರಿಗೆ ಹಿಡಿಸಿದ್ದು ಯಾಮಾಹಾಯ್ ಅನ್ನುವ ಹಳೆಯ ಪದ್ಧತಿಯ ಸಾಕೆ. ಹಾಸನದ ಗೆಳೆಯ ಮೂಸಿ ನೋಡಿ, “ಹುಳಿ ಬಂದಿರೋ ದೋಸೆ ಹಿಟ್ಟಿನ ವಾಸನೆ ಬರ್ತಿದೆಯಲ್ಲಣ್ಣ” ಅಂದ. ಅವನು ಹೇಳಿದ್ದು ಸರಿಯೇ. ಈ ಪದ್ಧತಿಯಲ್ಲಿ ಹುಳಿಯನ್ನು ಹೊರಗಿನಿಂದ ಬೆರೆಸುವುದಿಲ್ಲ, ತಾನಾಗಿ ಹುಳಿ ಬರಲು ಬಿಡುತ್ತಾರೆ. ಇದನ್ನು ಬಿಸಿ ಮಾಡಿ ಕುಡಿಯಬೇಕು. ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ, ಸಾಕೆ ತುಂಬಿದ ಸಣ್ಣ ಸ್ಟೀಲ್ ತಂಬಿಗೆಯನ್ನು ಅದರಲ್ಲಿ ಇಳಿಸುತ್ತೇನೆ. ಜಪಾನಿಗಳ ಚಿರೋರಿಯೂ ಇಂಥದೇ ಲೋಹದ ಪಾತ್ರೆ. ತಂಬಿಗೆಯ ತಳ ಮುಟ್ಟಿದರೆ ಚುರುಕ್ ಅನ್ನುವಷ್ಟರಲ್ಲಿ ಎತ್ತಬೇಕು, ಸುಮಾರು 45 ಡಿಗ್ರಿ. ಹಬೆಯ ಜೊತೆ ಬೆಂದ ಅನ್ನದ ಪರಿಮಳ ಬರುತ್ತದೆ. ಅದರ ಜೊತೆ ಹುರಿದ ಬಂಗುಡೆ, ಇಲ್ಲವೇ ಕೋಡುಬಳೆ.

ದುಬಾರಿ ದಾಯ್‌ಗಿಂಜೋ ತರಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಅಕ್ಕಿಯನ್ನು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಉಜ್ಜಿ ತೆಗೆದು ಮಾಡುವ ಅದು ವರ್ಷಕ್ಕೊಮ್ಮೆ ಕೊಳ್ಳುವ ಸಾಕೆ. ತಿಂಗಳು ತಿಂಗಳು ಕೊಳ್ಳಲು ಆಗುವುದು ಸಾದಾ ಜುನ್‌ಮಾಯ್, ಅಂದರೆ ಹೊರಗಿನ ಮದ್ಯ ಬೆರೆಸದ ಸಾಕೆ, ಮಾತ್ರ. ಇನ್ನೊಂದು ದಾರಿ ಫುರುಸಾತೋ ನೋಝೇಯ್ ಅನ್ನುವ ಸರ್ಕಾರಿ ದೇಣಿಗೆ ಯೋಜನೆ: ಸುಝು ಅಥವಾ ನೋಟೊ ಪಟ್ಟಣಕ್ಕೆ ದೇಣಿಗೆ ಕೊಟ್ಟರೆ, ಮಿತಿಯೊಳಗಿದ್ದಾಗ 2000 ಯೆನ್ ಬಿಟ್ಟು ಉಳಿದದ್ದು ತೆರಿಗೆಯಲ್ಲಿ ಕಳೆಯುತ್ತದೆ, ಕಾಣಿಕೆಯಾಗಿ ಸಾಕೆಯನ್ನೂ ಆರಿಸಿಕೊಳ್ಳಬಹುದು.

ನನಗೆ ಅತಿ ಪ್ರಿಯವಾದವು ಎರಡು ಕುರಾಗಳು ಸೇರಿ ಮಾಡಿದ ಬಾಟಲಿಗಳು. ‘ಚಿಕುಹಾ’ ಮಾಡುವ ನೋಟೊದ ಕಝುಮಾ ಶುಝೋಗೆ, ‘ತೆದೋರಿಗಾವಾ’ ಮಾಡುವ, ಅದೇ ಪ್ರಾಂತ್ಯದ ಹಾಕುಸಾನ್‌ನ ಯೋಶಿದಾ ಕುರಾ ಜೊತೆಯಾಯಿತು. ಮನೆ ಬಿದ್ದವರಿಗೆ ಪಕ್ಕದವರು ಒಲೆ ಬಿಟ್ಟುಕೊಟ್ಟ ಹಾಗೆ. ಆ ಲೇಬಲ್ಲನ್ನು ಹಿಡಿದು ಮೇಜಿನ ಸುತ್ತ ದಾಟಿಸಿದಾಗ ಯಾರೂ ಬೇಗ ಕೆಳಗಿಡಲಿಲ್ಲ.

ಈ ತಿಂಗಳ ಸರದಿ ಹಾಸನದವನದು. ವಾಜಿಮಾದ ಕುರಾ ಒಂದಕ್ಕೆ ಹೋದ ವಾರವೇ ಆರ್ಡರ್ ಹಾಕಿದ್ದಾನೆ, ಎರಡು ಬಾಟಲಿ.